ಬ್ವಾನಾ ನಾನೇ

ನೈರೋಬಿಯ ಅಂಗಡಿಗಳಲ್ಲಿ ಕರಿಬೇವು ಸಿಗುವ ಹಾಗೆ ಮಾಡಿದವರು ದತ್ತಣ್ಣ. ಕನ್ನಡ ಕೂಟದ ಯುಗಾದಿ ಊಟಕ್ಕೆ ಬಾಳೆಲೆ ತರಿಸುವ ದಾರಿ ಕಂಡುಹಿಡಿದವರು ದತ್ತಣ್ಣ. ಕಿಲಿಮಾನಿಯಲ್ಲಿ ಅವರಿದ್ದ ಅಪಾರ್ಟ್‌ಮೆಂಟಿನ ಲಿಫ್ಟು ಮಹಡಿಗಳ ನಡುವೆ ನಿಂತುಬಿಡುವ ಚಾಳಿ ಬಿಟ್ಟದ್ದು ದತ್ತಣ್ಣನಿಂದ. ಹೊಸ ಬೈಪಾಸ್ ರಸ್ತೆ ಎಲ್ಲಿ ತಿರುಗಬೇಕೆಂದು ಯಾವುದೋ ಮದುವೆ ಊಟದಲ್ಲಿ ಪಕ್ಕದಲ್ಲಿ ಕೂತಿದ್ದ ಎಂಜಿನಿಯರಿಗೆ ಪಾಯಸದ ಬಟ್ಟಲು ಸರಿಸಿ ತೋರಿಸಿಕೊಟ್ಟವರೂ ದತ್ತಣ್ಣ. ಇಷ್ಟೆಲ್ಲ ನಮಗೆ ಹೇಗೆ ಗೊತ್ತು ಅಂದರೆ, ದತ್ತಣ್ಣನವರೇ ಹೇಳಿದ್ದಾರೆ.

ಕನ್ನಡದ ಏಕಾರಕ್ಕೆ ಎಷ್ಟು ಬಲವಿದೆ ಎಂದು ತಿಳಿಯಬೇಕಾದವರು ಅವರ ಪಕ್ಕದಲ್ಲಿ ಅರ್ಧ ಗಂಟೆ ಕೂರಬೇಕು. ನಾವೆಲ್ಲ 'ನಾನು' ಎಂದು ಹೇಳಿ ಸುಮ್ಮನಾಗುವ ಕಡೆ ಅವರು 'ನಾನೇ' ಎನ್ನುತ್ತಿದ್ದರು. "ಮಾಡಿಸಿದ್ದು ನಾನೇ", "ಮೊದಲು ಹೇಳಿದ್ದು ನಾನೇ", "ಬೇಡ ಅಂದೋನು ನಾನೇ, ಆಮೇಲೆ ಬೇಕು ಅಂದೋನೂ ನಾನೇ." ಆ ಏಕಾರವನ್ನು ಎಳೆಯುವಾಗ ಅವರ ಬಲಗೈ ತಾನಾಗಿ ಎದೆಯ ಮೇಲೆ ಬಂದು ಕೂರುತ್ತಿತ್ತು.

ಬೆಂಗಳೂರಿನ ಒಂದು ಟೆಲಿಕಾಂ ಕಂಪನಿ ಅವರನ್ನು ಎರಡು ವರ್ಷಕ್ಕೆಂದು ಇಲ್ಲಿಗೆ ಕಳಿಸಿತ್ತು. ಕಂಪನಿ ಮರೆಯಿತೋ, ಇವರು ನೆನಪಿಸಲಿಲ್ಲವೋ, ಮಗಳು ಪ್ರಣತಿ ನರ್ಸರಿಯಿಂದ ಹನ್ನೆರಡನೇ ತರಗತಿವರೆಗೂ ಇಲ್ಲೇ ಓದಿದಳು. ಹೆಂಡತಿ ಚಂದ್ರಿಕಾ ಬಹಳ ಕಡಿಮೆ ಮಾತಿನವರು. ಆ ಮನೆಯಲ್ಲಿ ಮಾತಿನ ಒಟ್ಟು ಪಡಿತರ ದತ್ತಣ್ಣನಿಗೇ ಖರ್ಚಾಗಿಬಿಡುತ್ತಿತ್ತು.

ಇನ್ನು ನಾನು, ನಿರುಪಮಾ. ಗಿಗಿರಿಯ ಒಂದು ಅಂತರರಾಷ್ಟ್ರೀಯ ಕಚೇರಿಯಲ್ಲಿ ವನ್ಯಜೀವಿ ಸಂರಕ್ಷಣೆಯ ವರದಿಗಳನ್ನು ತಿದ್ದುವ ಕೆಲಸ. ಅಳಿವಿನಂಚಿನ ಎಷ್ಟೋ ಪ್ರಾಣಿಗಳಿಗೆ ಅಲ್ಪವಿರಾಮ ಹಾಕಿ ಕಾಪಾಡಿದ್ದೇನೆ. ಆದರೆ ಕಣ್ಣಾರೆ ನೋಡಿದ ವನ್ಯಜೀವಿ ಅಂದರೆ, ಕಚೇರಿ ಅಂಗಳದಲ್ಲಿ ನನ್ನ ಡಬ್ಬಿಯಿಂದ ಚಪಾತಿ ಎತ್ತಿಕೊಂಡು ಹೋಗುವ ಕೋತಿಗಳು ಮಾತ್ರ. ಹಾಗಾಗಿ ದತ್ತಣ್ಣನನ್ನು ಆಡಿಕೊಳ್ಳುವ ಅಧಿಕಾರ ನನಗೆ ಪೂರ್ತಿ ಇಲ್ಲ. ಇದ್ದಷ್ಟನ್ನು ಬಳಸಿಕೊಳ್ಳುತ್ತೇನೆ.

ದತ್ತಣ್ಣನ ಡ್ರೈವರ್ ಗಿಟೋಂಗ. ಅವನು ಒಂದು ದಿನ ನನ್ನನ್ನು ಸ್ಪ್ರಿಂಗ್ ವ್ಯಾಲಿಯ ನಮ್ಮ ಮನೆಗೆ ಬಿಡುವಾಗ ಬಹಳ ಸಂಕೋಚದಿಂದ ಕೇಳಿದ: "ಮೇಡಂ, ನಮ್ಮ ಬ್ವಾನಾ ಏನು ವ್ಯಾಪಾರ ಮಾಡ್ತಾರೆ? ಫೋನಿನಲ್ಲಿ ಯಾವಾಗಲೂ ಎಂಟು, ಎಂಟು ಅಂತಿರ್ತಾರೆ. ಏನದು ಎಂಟು?"

ನನಗೆ ಅರ್ಥವಾಗಲು ಎರಡು ಸಿಗ್ನಲ್ ದಾಟಬೇಕಾಯಿತು. ಸ್ವಾಹಿಲಿಯಲ್ಲಿ 'ನಾನೆ' ಅಂದರೆ ಎಂಟು. ಪಾಪ, ವರ್ಷಗಟ್ಟಲೆ ಹಿಂದಿನ ಸೀಟಿನಿಂದ ಎಂಟರ ಮಗ್ಗಿ ಕೇಳಿಸಿಕೊಂಡು ಗಾಡಿ ಓಡಿಸಿದ್ದ. ಒಮ್ಮೆ ಫೋನಿನಲ್ಲಿ "ಎಷ್ಟು ಹೊತ್ತಿಗೆ ಬರಲಿ?" ಎಂದು ಇವನು ಕೇಳಿದಾಗ, ದತ್ತಣ್ಣ ಪಕ್ಕದಲ್ಲಿದ್ದ ಚಂದ್ರಿಕಾಗೆ "ನಾನೇ" ಎಂದು ಏನೋ ಹೇಳುತ್ತಿದ್ದರಂತೆ. ಸ್ವಾಹಿಲಿ ಗಡಿಯಾರ ಬೆಳಗಿನ ಬಿಸಿಲಿನಿಂದ ಎಣಿಕೆ ಶುರುಮಾಡುತ್ತದೆ. ಅದರಲ್ಲಿ ಎಂಟು ಅಂದರೆ ನಮ್ಮ ಮಧ್ಯಾಹ್ನ ಎರಡು. ಬೆಳಗಿನ ಮೀಟಿಂಗಿಗೆ ಹೊರಟು ನಿಂತಿದ್ದ ದತ್ತಣ್ಣನಿಗೆ ಊಟದ ಹೊತ್ತಿಗೆ ಗಾಡಿ ಬಂತು. ಅಂದಿನಿಂದ ಡ್ರೈವರುಗಳ ವಲಯದಲ್ಲಿ ಅವರ ಹೆಸರು 'ಬ್ವಾನಾ ನಾನೆ', ಎಂದರೆ ಎಂಟು ಸಾಹೇಬರು. ಅವರಿಗೇ ಇದರ ಅರ್ಥ ಗೊತ್ತಿರಲಿಲ್ಲ. ಯಾರೋ ಹಾಗೆ ಕರೆದಾಗ ತಮ್ಮ ಕನ್ನಡ ಇಷ್ಟು ದೂರ ಹರಡಿದೆಯಲ್ಲ ಎಂದು ಹಿಗ್ಗಿದ್ದರು.

ಇಷ್ಟೆಲ್ಲ ಸಾಧನೆಗಳ ನಡುವೆ ದತ್ತಣ್ಣನಿಗೆ ಅತಿ ಹೆಮ್ಮೆಯದು ಲೊರುಬಾಯೆ. ಉತ್ತರದ ಒಣನಾಡಿನಲ್ಲಿ, ಟಾರು ರಸ್ತೆ ಮುಗಿದ ಮೇಲೂ ಬಹಳ ದೂರ ಹೋದರೆ ಸಿಗುವ ಅಭಯಾರಣ್ಯ ಅದು. ಒಂದು ಕಾಲದಲ್ಲಿ ಕೋವಿ ಹಿಡಿದವರು ಅಲ್ಲಿನ ಘೇಂಡಾಮೃಗಗಳನ್ನು ಒಂದೂ ಬಿಡದೆ ಮುಗಿಸಿದ್ದರು, ಆನೆಗಳು ದಾರಿ ಬದಲಿಸಿಕೊಂಡು ಹೋಗಿದ್ದವು, ಹುಲ್ಲು ಕೂಡ ಉಳಿದಿರಲಿಲ್ಲ. ಆಮೇಲೆ ಸುತ್ತಲಿನ ದನಗಾಹಿಗಳ ಊರುಗಳೇ ಒಟ್ಟಾಗಿ ನೆಲಕ್ಕೆ ಬಿಡುವು ಕೊಟ್ಟು, ತಮ್ಮ ಹುಡುಗರನ್ನೇ ಕಾವಲಿಗೆ ನಿಲ್ಲಿಸಿ, ಕಾಡನ್ನು ಮತ್ತೆ ಎಬ್ಬಿಸಿದವು. ಘೇಂಡಾಮೃಗಗಳನ್ನು ಬೇರೆ ಕಡೆಯಿಂದ ಪೆಟ್ಟಿಗೆಗಳಲ್ಲಿ ತಂದು ಬಿಟ್ಟರು. ಕಾವಲುಗಾರರು ಪರಸ್ಪರ ಮಾತಾಡಿಕೊಳ್ಳಲು ಒಂದು ಗುಡ್ಡದ ಮೇಲೆ ರೇಡಿಯೋ ಟವರ್ ಬೇಕಾಯಿತು. ಆ ಟವರಿನ ಕೆಲಸ ದತ್ತಣ್ಣನ ಕಂಪನಿಗೆ ಬಂತು. ದತ್ತಣ್ಣ ಕಿಲಿಮಾನಿಯ ಕಚೇರಿಯಲ್ಲಿ ಕೂತು ನಕ್ಷೆ ನೋಡಿದರು. ಮುಗಿಯಿತು.

"ಆ ಘೇಂಡಾಮೃಗಗಳನ್ನ ವಾಪಸ್ ಕರ್ಕೊಂಡು ಬಂದೋನು ನಾನೇ."

ಇದನ್ನು ನಾವು ಯುಗಾದಿಯಲ್ಲಿ ಕೇಳಿದೆವು, ಗಣೇಶನ ಹಬ್ಬದಲ್ಲಿ ಕೇಳಿದೆವು, ರಾಜ್ಯೋತ್ಸವದ ಸಭೆಯಲ್ಲಿ ಮೈಕಿನಲ್ಲಿ ಕೇಳಿದೆವು. ಈ ಕಥೆಗೆ ಒಂದು ಬಾಲವೂ ಇತ್ತು. ಟವರಿನ ಬುಡದ ಗೂಡಿನಲ್ಲಿ ಗೋಡೆಗೆ ಒಂದು ರೇಡಿಯೋ ಫೋನು ಇರಲೇಬೇಕು ಎಂದು ಇವರು ಹಟ ಹಿಡಿದಿದ್ದರಂತೆ. ಕಾವಲುಗಾರರ ಕೈಯಲ್ಲೇ ವಾಕಿಟಾಕಿ ಇರುವಾಗ ಅದೇಕೆ ದಂಡ ಎಂದು ಮೇಲಿನವರು ನಕ್ಕರಂತೆ. "ಕೈಯಲ್ಲಿ ಏನೂ ಇಲ್ದೋನು ಒಬ್ಬ ಅಲ್ಲಿ ಸಿಕ್ಕಾಕೊಂಡ್ರೆ?" ಎಂದು ಇವರು ಮೂರು ಮೀಟಿಂಗು ಜಗಳವಾಡಿದರಂತೆ. ಕಥೆ ಆ ಫೋನಿನ ಹತ್ತಿರ ಬರುವ ಹೊತ್ತಿಗೆ ನಮಗೆಲ್ಲ ಒಟ್ಟಿಗೆ ಹಸಿವಾಗುತ್ತಿತ್ತು. ತಟ್ಟೆ ತುಂಬಿಸಿಕೊಳ್ಳಲು ಏಳುತ್ತಿದ್ದೆವು. ನನ್ನ ಗಂಡ ವೈಭವ್ ಆ ಫೋನಿನಿಂದಾಗಿಯೇ ಮೈ ಬೆಳೆಸಿಕೊಂಡ ಎಂದು ನನ್ನ ನಂಬಿಕೆ.

ನಾವು ನಂಬದಿದ್ದರೆ ದತ್ತಣ್ಣನಿಗೆ ಏನೂ ಆಗುತ್ತಿರಲಿಲ್ಲ. ಪ್ರಣತಿ ನಂಬುತ್ತಿರಲಿಲ್ಲ, ಅದು ಅವರನ್ನು ಕೊರೆಯುತ್ತಿತ್ತು. ಚಿಕ್ಕವಳಿದ್ದಾಗ ಅಪ್ಪ ಹೇಳಿದ್ದನ್ನೆಲ್ಲ ಶಾಲೆಯಲ್ಲಿ ಹೇಳಿ ನಗೆಪಾಟಲಾಗಿದ್ದಳಂತೆ. ಮೇಲಾಗಿ ಬೈಪಾಸ್ ಎಂಜಿನಿಯರರ ಮಗಳು ಅದೇ ಕ್ಲಾಸಿನಲ್ಲಿದ್ದಳು. ಅಂದಿನಿಂದ ಅಪ್ಪ ಕನ್ನಡದಲ್ಲಿ ಏನೇ ಹೇಳಲಿ, ಇವಳದು ಇಂಗ್ಲಿಷಿನಲ್ಲಿ ಒಂದೇ ಉತ್ತರ: "ಶೂರ್, ಡ್ಯಾಡ್." ಬೈದಿದ್ದರೆ ಅವರಿಗೆ ಇಷ್ಟು ನೋಯುತ್ತಿರಲಿಲ್ಲ.

೨೦೧೬ರ ಸೆಪ್ಟೆಂಬರಿನಲ್ಲಿ ಅವಳು ಓದಲು ಲೀಡ್ಸ್‌ಗೆ ಹೊರಡುವವಳಿದ್ದಳು. ಆಗಸ್ಟಿನಲ್ಲಿ ದತ್ತಣ್ಣ ನಮ್ಮನೆಗೆ ಬಂದರು.

"ನಿರುಪಮಾ, ಲೊರುಬಾಯೆಗೆ ಎಲ್ಲರೂ ಹೋಗೋಣ. ಟವರ್ ಕೆಳಗೆ ಒಂದು ಫಲಕ ಇದೆ, ಅದರಲ್ಲಿ ನನ್ನ ಹೆಸರಿದೆ. ಅವಳು ಹೋಗೋದ್ರೊಳಗೆ ಒಂದ್ಸಲ ನೋಡ್ಬಿಡ್ಲಿ. ಸಾಕು ನಂಗೆ."

"ನೀವು ನೋಡಿದೀರಾ ಆ ಫಲಕನ?"

"ಹಾಕ್ತೀವಿ ಅಂತ ಅವರು ಮೇಲ್ ಮಾಡಿದ್ರು." ಈ ಒಂದು ಸಲ ಕೈ ಎದೆಯ ಮೇಲೆ ಹೋಗಲಿಲ್ಲ. ನಾನು ಒಪ್ಪಿಕೊಂಡೆ.

ಎಂಟು ಜನ ಹೊರಟೆವು: ದತ್ತಣ್ಣನ ಮನೆಯ ಮೂವರು, ನಾನು, ವೈಭವ್, ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಶಾಂತಮ್ಮ, ದತ್ತಣ್ಣನ ಕಚೇರಿಯ ಪವನ್ ಮತ್ತವನ ಹೆಂಡತಿ ಭಾರ್ಗವಿ. ವ್ಯಾನು ಓಡಿಸಲು ಗಿಟೋಂಗ. ಭಾರ್ಗವಿ ಮಾಡಿ ತಂದ ಪುಳಿಯೋಗರೆಯ ವಾಸನೆಯಲ್ಲಿ ನನ್ಯುಕಿ ದಾಟಿದೆವು. ಅಲ್ಲಿ ಭೂಮಧ್ಯರೇಖೆಯ ಬೋರ್ಡಿನ ಹತ್ತಿರ ಇಳಿದು ಫೋಟೋ ತೆಗೆಸಿಕೊಂಡೆವು. ಆ ರೇಖೆ ಎಳೆದದ್ದು ತಾವೇ ಎಂದು ದತ್ತಣ್ಣ ಹೇಳಲಿಲ್ಲ. ಆಗ ಅವರು ವ್ಯಾನಿನೊಳಗೆ ನಿದ್ದೆ ಮಾಡುತ್ತಿದ್ದರು.

ಕಾಡು ಬಹಳ ಚೆಂದವಿತ್ತು. ಇದನ್ನು ವ್ಯಂಗ್ಯವಾಗಿ ಹೇಳಲು ಬರುವುದಿಲ್ಲ, ಕ್ಷಮಿಸಿ. ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿದ ಹುಲ್ಲು ಸೊಂಟದವರೆಗೆ ನಿಂತಿತ್ತು. ಅದರೊಳಗೆ ಜೀಬ್ರಾಗಳ ಬೆನ್ನು ಕಾಣುತ್ತಿತ್ತು, ನೀರಿನ ಗುಂಡಿಯ ಹತ್ತಿರ ಆನೆಗಳು ಮರಿಗಳನ್ನು ನಡುವೆ ಹಾಕಿಕೊಂಡು ಯಾವ ಅವಸರವೂ ಇಲ್ಲದೆ ನಿಂತಿದ್ದವು. ನಮ್ಮ ಮಾರ್ಗದರ್ಶಿ ಲೆಮಾಯಾನ್ ಆ ಊರುಗಳವನೇ. ಅವನ ಅಪ್ಪನ ಕಾಲದಲ್ಲಿ ಇಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ ಎಂದ. ನಾನು ತಿದ್ದಿದ ವರದಿಗಳಲ್ಲಿ ಇದನ್ನು 'ಗಣನೀಯ ಪ್ರಗತಿ' ಎಂದು ಬರೆದಿದ್ದೆವು. ಆ ಎರಡು ಪದಗಳ ಬಗ್ಗೆ ನನಗೆ ನಾಚಿಕೆಯಾಯಿತು.

"ಇದೆಲ್ಲ ಹೇಗಾಯ್ತು ಅಂದ್ರೆ..." ಎಂದು ದತ್ತಣ್ಣ ಆನೆಗಳಿಗೂ ಕೇಳುವಂತೆ ಶುರುಮಾಡಿದರು. ಆನೆಗಳು ಹೊರಟುಹೋದವು.

ಅಭಯಾರಣ್ಯದ ಒಳಗೆ ನಮ್ಮ ವ್ಯಾನಿಗೆ ಪ್ರವೇಶವಿಲ್ಲ. ಅವರದೇ ಎರಡು ತೆರೆದ ಜೀಪುಗಳಲ್ಲಿ ತಿರುಗಬೇಕು. ಒಂದನ್ನು ಲೆಮಾಯಾನ್, ಇನ್ನೊಂದನ್ನು ಅವರ ಅನುಮತಿ ಪಡೆದು ಗಿಟೋಂಗ ಓಡಿಸುತ್ತಿದ್ದರು. ದತ್ತಣ್ಣನಿಗೆ ಇಂಥದೇ ಜೀಪು ಅಂತ ಇರಲಿಲ್ಲ. ಯಾವುದರಲ್ಲಿ ಜ್ಞಾನದ ಕೊರತೆ ಕಂಡರೆ ಅದಕ್ಕೆ ಹತ್ತುತ್ತಿದ್ದರು. ಹಾಗಾಗಿ ಪ್ರತಿ ಸಲ ಹೊರಡುವಾಗ ಎರಡೂ ಜೀಪಿನವರು ಅವರು ಇನ್ನೊಂದರಲ್ಲಿರಲಿ ಎಂದು ಹಾರೈಸುತ್ತಿದ್ದೆವು.

ಮರುದಿನ ಸಂಜೆ ಗುಡ್ಡ ಹತ್ತಿದೆವು. ಟವರ್ ಇತ್ತು. ಬುಡದಲ್ಲಿ ತಗಡಿನ ಗೂಡಿತ್ತು. ಗೂಡಿನ ಪಕ್ಕ ಕಲ್ಲಿಗೆ ಹೊಡೆದ ಫಲಕವೂ ಇತ್ತು. ದತ್ತಣ್ಣ ಮಗಳನ್ನು ಭುಜ ಹಿಡಿದು ಅದರ ಮುಂದೆ ನಿಲ್ಲಿಸಿದರು. ಹಣ ಕೊಟ್ಟ ಸಂಸ್ಥೆಗಳ ಹೆಸರುಗಳಿದ್ದವು, ಊರ ಹಿರಿಯರ ಹೆಸರುಗಳಿದ್ದವು, ಕೊನೆಯಲ್ಲಿ ಕಂಪನಿಯ ಹೆಸರಿತ್ತು. ಪ್ರಣತಿ ಮೇಲಿನಿಂದ ಕೆಳಗೆ ಓದಿದಳು. ಬೆರಳಿಟ್ಟುಕೊಂಡು ಇನ್ನೊಮ್ಮೆ ಓದಿದಳು. ಹುಡುಕಿದಳು ಎಂದೇ ಹೇಳಬೇಕು. ಆ ಹುಡುಗಿ ಪ್ರಾಮಾಣಿಕವಾಗಿ ಹುಡುಕಿದಳು.

"ಇನ್ನೊಂದ್ ಫಲಕ ಇರತ್ತೆ, ಹಿಂದ್ಗಡೆ," ಎಂದರು ದತ್ತಣ್ಣ.

"ಇಟ್ಸ್ ಓಕೆ, ಡ್ಯಾಡ್," ಎಂದಳು ಅವಳು. 'ಶೂರ್' ಅನ್ನಲಿಲ್ಲ. ದನಿಯಲ್ಲಿ ಕೊಂಕಿರಲಿಲ್ಲ, ಕನಿಕರವಿತ್ತು. ದತ್ತಣ್ಣನ ಮುಖ ನೋಡಲಾಗದೆ ನಾನು ಟವರಿನ ತುದಿ ನೋಡಿದೆ. ಅವಳು ಕೆಳಗಿಳಿದು ಮುಂದಿನ ಜೀಪಿನಲ್ಲಿ ಕೂತಳು.

ಆಗಲೇ ಲೆಮಾಯಾನನ ವಾಕಿಟಾಕಿ ಕರೆಯಿತು: ಒಣಹೊಳೆಯ ಹತ್ತಿರ ಘೇಂಡಾಮೃಗವೊಂದು ಮರಿಯ ಜೊತೆ ಕಾಣಿಸಿಕೊಂಡಿದೆ, ಬೆಳಕು ಹೋಗುವುದರೊಳಗೆ ಬನ್ನಿ. ಎಲ್ಲರೂ ಓಡಿದೆವು. ನಮ್ಮ ಹಿಂದಿನ ಜೀಪಿಗೆ ನಾನು, ಶಾಂತಮ್ಮ ಮತ್ತು ಚಂದ್ರಿಕಾ ಹತ್ತಿದೆವು. ಮುಂದಿನಿಂದ ಲೆಮಾಯಾನ್, ಎಲ್ಲರೂ ಬಂದರಾ ಎಂದು ಕೂಗಿದ. ಗಿಟೋಂಗ ಹಿಂತಿರುಗಿ ಸ್ವಾಹಿಲಿಯಲ್ಲಿ ನಮ್ಮನ್ನು ಕೇಳಿದ: ಒಟ್ಟು ಎಷ್ಟು ಜನ?

ಅದೇ ಹೊತ್ತಿಗೆ ಶಾಂತಮ್ಮ ಪಶ್ಚಿಮಕ್ಕೆ ಕೈ ಮುಗಿದಿದ್ದರು. ಅಲ್ಲಿ ಆಕಾಶ ಪೂರ್ತಿ ಕುಂಕುಮವಾಗಿತ್ತು. "ಅಬ್ಬಾ, ಇಷ್ಟು ಚೆನ್ನಾಗಿ ಯಾರು ಮಾಡಿದ್ರೋ ಇದನ್ನ," ಎಂದರು.

ಚಂದ್ರಿಕಾ ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡರು. ಗಂಡನ ದನಿಯಲ್ಲೇ, ಏಕಾರವನ್ನು ಅಷ್ಟೇ ಎಳೆದು, ಹೇಳಿದರು:

"ನಾನೇ."

ಆ ಹೆಂಗಸು ಜೋಕು ಮಾಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ನಾನೂ ಶಾಂತಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗಿಟೋಂಗ ಕೈ ಮೇಲೆತ್ತಿ "ನಾನೆ! ಸವಾ!" ಎಂದು ಮುಂದಿನ ಜೀಪಿಗೆ ಸನ್ನೆ ಮಾಡಿದ. ಎಂಟು, ಸರಿ. ಗುಡ್ಡ ಇಳಿದೆವು.

ಒಣಹೊಳೆಯಲ್ಲಿ ಘೇಂಡಾಮೃಗ ಸಿಗಲಿಲ್ಲ. ನೀರಿನ ಗುಂಡಿಯ ಹತ್ತಿರ ಇಳಿದು ಕಾದೆವು, ಅಲ್ಲೂ ಇಲ್ಲ. ದಾರಿಯುದ್ದಕ್ಕೂ ಅದೇನು ನೆಮ್ಮದಿ! ಹಕ್ಕಿಯ ಕೂಗು ಕೇಳುತ್ತಿತ್ತು, ಗಾಳಿ ಹುಲ್ಲಿನಲ್ಲಿ ಓಡಾಡುವುದು ಕೇಳುತ್ತಿತ್ತು. ಕಾಡಿನ ಮೌನ ಎಂದು ಪುಸ್ತಕಗಳಲ್ಲಿ ಬರೆಯುವುದು ಇದನ್ನೇ ಎಂದುಕೊಂಡೆ. ಅನುಮಾನ ಬರಬೇಕಾಗಿತ್ತು, ಬರಲಿಲ್ಲ.

ನಾವು ಉಳಿದುಕೊಂಡಿದ್ದ ಬಿಡಾರ ತಲುಪಿ, ಎಲ್ಲರೂ ಟೀ ಹಿಡಿದು ನಿಂತಾಗ ಚಂದ್ರಿಕಾ ಸುತ್ತ ನೋಡಿದರು.

"ಇವರೆಲ್ಲಿ?"

"ನಿಮ್ ಜೀಪಲ್ಲಿ ಇರ್ಲಿಲ್ವಾ?" ಎಂದ ಪವನ್.

"ನಿಮ್ ಜೀಪಲ್ಲಿ..." ಎಂದರು ಚಂದ್ರಿಕಾ. ಕೈಯಲ್ಲಿದ್ದ ಟೀ ಲೋಟ ನಿಧಾನವಾಗಿ ಓರೆಯಾಗಿ ಟೀ ಎಲ್ಲ ನೆಲಕ್ಕೆ ಸುರಿಯಿತು. ಅವರು ಅದನ್ನು ನೋಡಲೇ ಇಲ್ಲ. "ಅಯ್ಯೋ, ಎಂಟು ಅಂದ್ಕೊಂಡ. ನಾನ್ ಹೇಳಿದ್ದನ್ನ ಅವನು ಎಂಟು ಅಂದ್ಕೊಂಡ," ಎಂದರು. ಬೆಳಿಗ್ಗೆ ಆ ಕಡೆಯಲ್ಲೇ ಸಿಂಹಿಣಿಗಳನ್ನು ತೋರಿಸಿ ಲೆಮಾಯಾನ್ ನಮ್ಮಿಂದ ಚಪ್ಪಾಳೆ ಗಿಟ್ಟಿಸಿದ್ದ.

ಮೂರು ಕಡೆ ಇಳಿದಿದ್ದೆವು: ಗುಡ್ಡ, ಒಣಹೊಳೆ, ನೀರಿನ ಗುಂಡಿ. ಎಲ್ಲಿ ಉಳಿದರು? ಕೊನೆಯ ಸಲ ಅವರ ದನಿ ಎಲ್ಲಿ ಕೇಳಿದ್ದು ಎಂದು ಯೋಚಿಸಿದರೆ, ಯಾರಿಗೂ ನೆನಪಿಲ್ಲ. ಇಷ್ಟು ವರ್ಷ ಆ ದನಿ ಕೇಳಿಸಿಕೊಳ್ಳದೆ ಇರುವುದನ್ನು ಅಷ್ಟು ಚೆನ್ನಾಗಿ ಅಭ್ಯಾಸ ಮಾಡಿದ್ದೆವು. ಪ್ರಣತಿ ಕಂಬಕ್ಕೆ ಒರಗಿ ನಿಂತಿದ್ದಳು.

ಬಿಡಾರದ ಪಕ್ಕದಲ್ಲೇ ರೇಡಿಯೋ ಕೋಣೆ. ನೈಸುಲಾ ಎಂಬ ಹೆಂಗಸು ಅಲ್ಲಿಂದ ಕಾಡಿನ ಎಲ್ಲ ಕಾವಲು ಠಾಣೆಗಳ ಜೊತೆ ಮಾತಾಡುತ್ತಾಳೆ. ಠಾಣೆಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಅವಳು ಎಲ್ಲರಿಗೂ ಸುದ್ದಿ ಕೊಡುತ್ತಿರುವಾಗಲೇ ಪೆಟ್ಟಿಗೆ ಗೊರಗೊರ ಎಂದಿತು. ಯಾರೋ ಬಟನ್ ಒತ್ತಿ ಬಿಟ್ಟು ಮಾಡುತ್ತಿದ್ದರು.

"ನಾನಿ?" ಎಂದಳು ನೈಸುಲಾ. ಸ್ವಾಹಿಲಿಯಲ್ಲಿ 'ನಾನಿ' ಅಂದರೆ ಯಾರು.

ಗೊರಗೊರದ ನಡುವಿನಿಂದ ಒಂದೇ ಪದ ಬಂತು: "...ನಾನೇ!"

"ನಾನಿ?"

"ನಾನೇ! ...ನಾನೇ!"

ನೈಸುಲಾ ಕಿಟಕಿಯಿಂದ ಕೂಗಿ ಹೇಳಿದಳು: ಎಂಟನೇ ಠಾಣೆಯಿಂದ ಕರೆ, ನಿಮ್ಮವರು ಅಲ್ಲಿನವರ ಹತ್ತಿರ ಇದ್ದಾರೆ ಅಂತ ಕಾಣುತ್ತದೆ. ಎಂಟನೇ ಠಾಣೆ ಹೊಳೆಯಾಚೆ, ಗುಡ್ಡಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ. ಲೆಮಾಯಾನ್ ಜೀಪು ಆ ಕಡೆಗೆ ತಿರುಗಿಸಿದ. ಶಾಂತಮ್ಮ ದೇವರಿಗೆ ಕೈ ಮುಗಿದರು. ಭಾರ್ಗವಿ ಚಂದ್ರಿಕಾರನ್ನು ತಬ್ಬಿಕೊಂಡಳು.

ಪ್ರಣತಿ ಕಂಬ ಬಿಟ್ಟು ಓಡಿದಳು. ಜೀಪಿನ ಮುಂದೆ ಅಡ್ಡ ನಿಂತು, "ಸ್ಟಾಪ್! ದಟ್ಸ್ ನಾಟ್ ಎಯ್ಟ್. ದಟ್ಸ್ ಮೈ ಫಾದರ್!" ಎಂದು ಕಿರುಚಿ, ರೇಡಿಯೋ ಕೋಣೆಗೆ ನುಗ್ಗಿ ನೈಸುಲಾಳ ಕೈಯಿಂದ ಮೈಕು ತೆಗೆದುಕೊಂಡಳು. ನಾನು ಅವಳ ಹಿಂದೆಯೇ ಇದ್ದೆ. ಇಂಗ್ಲಿಷಿನಲ್ಲಿ ಏನೋ ಶುರುಮಾಡಿ ನಿಲ್ಲಿಸಿದಳು.

"ಅಪ್ಪಾ," ಎಂದಳು.

ಪೆಟ್ಟಿಗೆಯ ಗೊರಗೊರ ನಿಂತಿತು. ಆಮೇಲೆ ಬಹಳ ಸಣ್ಣ ದನಿ: "ಯಾರು?"

"ನಾನೇ, ಅಪ್ಪಾ."

ನನ್ನ ಕಣ್ಣು ತುಂಬಿಬಂತು, ಅದನ್ನು ಮುಚ್ಚಿಡುವುದಿಲ್ಲ.

"ಬಟನ್ ಒತ್ತಿ ಹಿಡ್ಕೋ ಅಪ್ಪ. ಮಾತು ಮುಗಿಯೋವರೆಗೂ ಬಿಡಬೇಡ," ಎಂದು ಟೆಲಿಕಾಂ ಎಂಜಿನಿಯರಿಗೆ ಮಗಳು ರೇಡಿಯೋ ಬಳಸುವುದು ಹೇಳಿಕೊಟ್ಟಳು. ಬಟನ್ ಒತ್ತಿ ಹಿಡಿದ ಮೇಲೆ ವಿಷಯ ತಿಳಿಯಿತು. ದತ್ತಣ್ಣ ಇನ್ನೊಂದು ಫಲಕ ಹುಡುಕುತ್ತ ಗೂಡಿನ ಹಿಂದಕ್ಕೆ ಹೋಗಿದ್ದರು. ಫಲಕ ಸಿಗಲಿಲ್ಲ. ಹಿಂದೆ ಏನೋ ಉಸಿರಾಡಿದಂತಾಗಿ ತಿರುಗಿದರೆ, ನಾವೆಲ್ಲ ಹೊಳೆಯಲ್ಲಿ ಹುಡುಕುತ್ತಿದ್ದ ಘೇಂಡಾಮೃಗ ಮರಿಯ ಸಮೇತ ಅಲ್ಲಿ ಮೇಯುತ್ತಿತ್ತು. ವಾಪಸ್ ಕರೆತಂದ ಪುಣ್ಯಾತ್ಮನನ್ನು ನೋಡಲು ಅದು ತಾನಾಗಿ ಬಂದಿದ್ದರೆ, ಇವರು ಒಂದು ಮಾತೂ ಆಡದೆ ಗೂಡಿನೊಳಗೆ ಹೊಕ್ಕು ಅಗುಳಿ ಹಾಕಿಕೊಂಡಿದ್ದರು. ತಾವೇ ಎಬ್ಬಿಸಿದ ಟವರಿನ ಕೆಳಗೆ ಅವರ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಇರಲಿಲ್ಲ. ಗೋಡೆಯ ಮೇಲೆ ಆ ಫೋನು ಮಾತ್ರ ಇತ್ತು.

ಜೀಪು ಗುಡ್ಡದ ಕಡೆ ಹೋಯಿತು. ಅದು ಮುಟ್ಟುವವರೆಗೂ ಮಾತು ನಿಲ್ಲಿಸಬೇಡ ಎಂದಳು ಪ್ರಣತಿ.

"ಏನ್ ಮಾತಾಡ್ಲಿ ಪುಟ್ಟಿ?"

"ನೀನು ಏನೇನ್ ಮಾಡಿದೀಯೋ ಅದನ್ನೇ ಹೇಳು."

ಹೀಗೆ ಲೊರುಬಾಯೆಯ ಎಲ್ಲ ಠಾಣೆಗಳೂ ಅಂದು ನೈರೋಬಿಗೆ ಕರಿಬೇವು ಬಂದ ಕಥೆಯನ್ನು ಕನ್ನಡದಲ್ಲಿ ಕೇಳಿದವು. ಆಮೇಲೆ ಬಾಳೆಲೆ, ಆಮೇಲೆ ಲಿಫ್ಟು. ನಡುವೆ ನಿಜವಾದ ಎಂಟನೇ ಠಾಣೆಯವನು ಬಾಯಿ ಹಾಕಿ, ನನ್ನನ್ನು ಯಾಕೆ ಇಷ್ಟೊಂದು ಸಲ ಕರೆಯುತ್ತಿದ್ದೀರಿ ಎಂದು ಕೇಳಿದ. ಪ್ರಣತಿ ಒಂದೊಂದಕ್ಕೂ "ಹೂಂ ಅಪ್ಪ, ಆಮೇಲೆ?" ಎನ್ನುತ್ತಿದ್ದಳು. ಅವಳ ಬಾಯಲ್ಲಿ ಅಷ್ಟು ಕನ್ನಡ ಇತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಕೊನೆಗೆ ಜೀಪಿನ ಸದ್ದು ಕೇಳಿತು, ಘೇಂಡಾಮೃಗ ಬೇಸರದಿಂದ ಪಕ್ಕಕ್ಕೆ ಸರಿದು ಹೋಯಿತು.

ಲೆಕ್ಕ ಹಾಕಿದರೆ, ಆ ಕಾಡಿನಲ್ಲಿ ದತ್ತಣ್ಣ ಸ್ವತಃ ಉಳಿಸಿದ ಪ್ರಾಣಿ ಒಂದೇ, ಮತ್ತು ಅದು ದತ್ತಣ್ಣ.

ಊಟದ ಹೊತ್ತಿಗೆ ನೈಸುಲಾ ನಮ್ಮ ಮೇಜಿಗೆ ಬಂದಳು. ಟವರ್ ಬಂದಾಗಿನಿಂದ ಆ ಫೋನು ಸದ್ದು ಮಾಡಿದ್ದು ಇವತ್ತೇ ಮೊದಲಂತೆ. ಬಬೂನ್ ಕೋತಿಗಳು ಒಂದೆರಡು ಸಲ ಕೈಗೆತ್ತಿಕೊಂಡದ್ದು ಬಿಟ್ಟರೆ ಮುಟ್ಟಿದವರಿಲ್ಲ. ಅದನ್ನು ಯಾಕೆ ಹಾಕಿದರು ಎಂದು ಇಲ್ಲಿ ಯಾರಿಗೂ ತಿಳಿಯದು. "ಯಾರು ಹಾಕಿಸಿದ್ದು?" ಎಂದು ಕೇಳಿದಳು.

ನಾವೆಲ್ಲ ದತ್ತಣ್ಣನ ಬಲಗೈ ನೋಡಿದೆವು. ಅದು ಚಮಚ ಹಿಡಿದು ಸೂಪಿನ ಬಟ್ಟಲಲ್ಲೇ ಇತ್ತು.

"ಅಪ್ಪ, ಆ ಫೋನ್ ಹಾಕ್ಸಿದ್ದು ನೀನೇನಾ?" ಎಂದಳು ಪ್ರಣತಿ.

ವರ್ಷಗಟ್ಟಲೆ ಕಾದಿದ್ದ ಪ್ರಶ್ನೆ ಅದು. ಇಡೀ ಜೀವನದಲ್ಲಿ ಯಾರೂ ಅಲ್ಲಗಳೆಯಲಾಗದ ಒಂದು 'ನಾನೇ' ಅವರ ನಾಲಿಗೆಯ ತುದಿಯಲ್ಲಿತ್ತು. ದತ್ತಣ್ಣ ಮಗಳನ್ನು ನೋಡಿದರು, ಬಟ್ಟಲನ್ನು ನೋಡಿದರು.

"ಆಫೀಸ್ನೋರು ಹಾಕ್ಸಿದ್ದು," ಎಂದರು. "ಎಲ್ಲಾ ಸೇರ್ಕೊಂಡು."

ಪ್ರಣತಿ ಅಪ್ಪನ ಮುಖವನ್ನು ಒಂದು ಕ್ಷಣ ದಿಟ್ಟಿಸಿ, ನೈಸುಲಾ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಇವನು ಸುಳ್ಳು ಹೇಳ್ತಿದಾನೆ. ಹಾಕಿಸಿದ್ದು ಇವನೇ," ಎಂದಳು. ನಮ್ಮ ಕಡೆ ತಿರುಗಿ ಅದನ್ನೇ ಕನ್ನಡದಲ್ಲೂ ಹೇಳಿದಳು.

"ಅಪ್ಪನ್ನ ಇವನೇ ಅಂತಾರೇನೇ? ಇವರೇ ಅನ್ನು," ಎಂದರು ಶಾಂತಮ್ಮ. ಅಷ್ಟೆಲ್ಲ ಆದ ಮೇಲೂ ಅವರ ಗಮನ ವ್ಯಾಕರಣದ ಮೇಲಿತ್ತು.

ಮರುದಿನ ಹೊರಡುವಾಗ ಗಿಟೋಂಗ ಯಾರನ್ನೂ ಏನೂ ಕೇಳಲಿಲ್ಲ. ವ್ಯಾನಿನೊಳಗೆ ಬಂದು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದ. ದತ್ತಣ್ಣನ ತಲೆಯನ್ನು ಎರಡು ಸಲ ಮುಟ್ಟಿದ.

ಈ ಪ್ರವಾಸದಿಂದ ದತ್ತಣ್ಣ ಬದಲಾಗಿಬಿಟ್ಟರು ಎಂದು ಹೇಳಿ ನಿಮ್ಮನ್ನು ಸಂತೋಷಪಡಿಸಲಾರೆ. ನೈರೋಬಿಗೆ ಬಂದ ಮರುವಾರ ಮಳೆ ಬಿತ್ತು. ಅದರಲ್ಲಿ ಅವರ ಪಾಲೆಷ್ಟು ಎಂದು ಅಂಗಡಿಯಲ್ಲಿ ಸಿಕ್ಕಾಗ ವಿವರವಾಗಿ ತಿಳಿಸಿದರು. ಪ್ರಣತಿಯ ಬೀಳ್ಕೊಡುಗೆ ಊಟದಲ್ಲೂ ಬಾಳೆಲೆ ಕಥೆ ಬಂತು, ಬೈಪಾಸ್ ಬಂತು. ಆದರೆ ಹೊಸಬರು ಯಾರೋ ಲೊರುಬಾಯೆ ಹೇಗಿತ್ತು ಎಂದು ಕೇಳಿದಾಗ ದತ್ತಣ್ಣ ಮಾತು ನಿಲ್ಲಿಸಿ ಮಗಳ ಕಡೆ ನೋಡಿದರು, ಚಿಕ್ಕ ಮಕ್ಕಳು ತಮ್ಮ ಹೆಸರು ಕರೆಯಲೆಂದು ಟೀಚರನ್ನು ನೋಡುವ ಹಾಗೆ.

ಪ್ರಣತಿ ತಟ್ಟೆ ಕೆಳಗಿಟ್ಟಳು. "ಅಲ್ಲಿ ಗುಡ್ಡದ ಮೇಲೆ ಒಂದು ಫೋನಿದೆ," ಎಂದು ತೊದಲುವ ಕನ್ನಡದಲ್ಲಿ ಶುರುಮಾಡಿದಳು. "ಯಾರಿಗೂ ಬೇಡ ಇತ್ತು. ಮೂರು ಮೀಟಿಂಗಲ್ಲಿ ಜಗಳ ಆಡಿ ಹಾಕ್ಸಿದ್ದು ನಮ್ಮಪ್ಪಾನೇ."

ಆ ಏಕಾರ ಕೊನೆಗೂ ಬೇರೆಯವರ ಬಾಯಿಂದ ಬಂದಿತ್ತು. ದತ್ತಣ್ಣ ಎದ್ದು ಕಿಟಕಿಯ ಹತ್ತಿರ ಹೋಗಿ, ಕೆಳಗೆ ಗಾಡಿ ಸರಿಯಾಗಿ ನಿಲ್ಲಿಸಿದ್ದಾರೋ ಇಲ್ಲವೋ ಎಂದು ಬಹಳ ಹೊತ್ತು ಪರೀಕ್ಷಿಸಿದರು. ವೈಭವ್ ಅಭ್ಯಾಸಬಲದಿಂದ ಊಟದ ಮೇಜಿನ ಕಡೆ ಹೊರಟವನು, ಖಾಲಿ ತಟ್ಟೆ ಹಿಡಿದುಕೊಂಡೇ ವಾಪಸ್ ಬಂದು ಕೂತ.